ಹಾಸುಬಂಡೆ ಪಕ್ಕದ ಶನಿವಾರಗಳು

ಶನಿವಾರ ನಮ್ಮ ಮೊದಲ ಶಿಫ್ಟ್ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಪೀಣ್ಯದಲ್ಲಿ ಲೇತ್ ಒರೆಸಿಟ್ಟು, ಕೈಗೆ ಹತ್ತಿದ ಕೂಲೆಂಟ್ ವಾಸನೆ ತೊಳೆದುಕೊಂಡು ಸುಂಕದಕಟ್ಟೆಯ ಮನೆ ಸೇರುವಾಗ ಎರಡೂಮುಕ್ಕಾಲು. ಅಷ್ಟರಲ್ಲಿ ನನ್ನ ಹೆಂಡತಿ ಬುತ್ತಿ ಕಟ್ಟಿರುತ್ತಾಳೆ. ಮಗಳು ಟೆಂಟಿನ ಚೀಲದ ಮೇಲೆ ಕೂತು ಕಾಯುತ್ತಿರುತ್ತಾಳೆ. ಮೂರಕ್ಕೆ ಹೊರಟರೆ ನಾಲ್ಕೂಕಾಲಿಗೆ ಮಾಗಡಿ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಾಫಿ. ಐದಕ್ಕೆ ಜಾಗದಲ್ಲಿರಬೇಕು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಬೆಳಕಿರುವಾಗಲೇ ನೆಲ ನೋಡಿ, ಟೆಂಟ್ ನಿಲ್ಲಿಸಿ, ಸುತ್ತ ಒಂದು ಸಲ ನಡೆದು ಬರಬೇಕು.

ಈ ಲೆಕ್ಕವೇ ನಮ್ಮ ಕ್ಯಾಂಪಿಂಗಿನ ಗಡಿ. ಎರಡು ಗಂಟೆ, ಅದಕ್ಕಿಂತ ಆಚೆ ಬೇಡ. 'ಬೆಂಗಳೂರಿನಿಂದ ಇಷ್ಟು ಕಿಲೋಮೀಟರ್' ಅಂತ ಬರೆದಿರುವುದನ್ನು ನಾನು ನೋಡುವುದೇ ಇಲ್ಲ. ಯಾವ ಬೆಂಗಳೂರು? ವೈಟ್‌ಫೀಲ್ಡ್‌ನಲ್ಲಿರುವವರು ಮಾಗಡಿ ಕಡೆ ಹೊರಟರೆ ಊರು ದಾಟುವುದಕ್ಕೇ ಎರಡು ಗಂಟೆ ಹೋಗುತ್ತದೆ. ಅವರಿಗೆ ಕೋಲಾರ ಹತ್ತಿರ. ಯಲಹಂಕದವರಿಗೆ ದೊಡ್ಡಬಳ್ಳಾಪುರ. ನನಗೆ ಮಾಗಡಿ ರಸ್ತೆ. ನಿಮ್ಮ ಮನೆ ಯಾವ ರಸ್ತೆಯ ಮಗ್ಗುಲಲ್ಲಿದೆಯೋ ಆ ರಸ್ತೆಯನ್ನೇ ಹಿಡಿದು ಹೋಗಿ. ಅದೊಂದು ರಸ್ತೆಯನ್ನು ನಾಲ್ಕೈದು ವರ್ಷ ಬಿಡದೆ ನೋಡಿದರೆ ಯಾವ ತಿರುವಿನಲ್ಲಿ ಯಾವ ಕೆರೆ, ಯಾವ ಬೆಟ್ಟಕ್ಕೆ ಎಲ್ಲಿಂದ ದಾರಿ, ಎಲ್ಲಾ ತಾನಾಗಿ ಗೊತ್ತಾಗುತ್ತದೆ.

ಫ್ಯಾಕ್ಟರಿಯಲ್ಲಿ ಹುಡುಗರು ಕೇಳುತ್ತಿರುತ್ತಾರೆ. "ಅಣ್ಣ, ಜಾಗ ಹೇಳಿ, ಲೊಕೇಶನ್ ಕಳಿಸಿ." ನಾನು ಕಳಿಸುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಯಾಕೆ ಕಳಿಸುವುದಿಲ್ಲ ಅಂತ ಮುಂದೆ ಗೊತ್ತಾಗುತ್ತದೆ. ಹುಡುಕುವ ದಾರಿಯನ್ನು ಮಾತ್ರ ಒಂದೂ ಬಿಡದೆ ಹೇಳುತ್ತೇನೆ.

ಮೊದಲ ಸಲ ಟೆಂಟ್ ಹಾಕಿದ್ದು 2018ರ ನವೆಂಬರಿನಲ್ಲಿ, ಮಂಚನಬೆಲೆ ಜಲಾಶಯದ ಹಿನ್ನೀರಿನಲ್ಲಿ. ದೊಡ್ಡ ಆಲದ ಮರ ದಾಟಿ ಹೋದರೆ ಸಿಗುವ, ಅರ್ಕಾವತಿಗೆ ಕಟ್ಟಿದ ಅಣೆಕಟ್ಟು ಅದು. ನಾನು, ನಮ್ಮ ಶೆಡ್ಡಿನ ಇನ್ನಿಬ್ಬರು. ಫೋಟೋದಲ್ಲಿ ನೋಡಿದ ಹಾಗೇ ಇತ್ತು. ನಿಂತ ನೀರು, ಆಚೆ ಬೆಟ್ಟ, ನೀರಿನ ಅಂಚಿನಲ್ಲಿ ಒಣಗಿದ ಸಮತಟ್ಟು ನೆಲ. ನೀರಿನಿಂದ ಇಪ್ಪತ್ತು ಅಡಿ ದೂರದಲ್ಲಿ ಟೆಂಟ್ ಹಾಕಿದೆವು. ಯಾರನ್ನೂ ಕೇಳಲಿಲ್ಲ. ಯಾರೂ ಇರಲಿಲ್ಲ, ಹಾಗಾಗಿ ಯಾರದ್ದೂ ಅಲ್ಲ ಅಂದುಕೊಂಡೆವು.

ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬೆಳಕು ಬಿತ್ತು. ಮೀನು ಹಿಡಿಯುವ ಮೂವರು. ಬಯ್ಯಲಿಲ್ಲ. ಅವರಲ್ಲಿ ಹಿರಿಯರು ಒಂದು ಉದ್ದನೆಯ ಕೋಲನ್ನು ನಮ್ಮ ಟೆಂಟಿಗೂ ನೀರಿಗೂ ನಡುವಿನ ನೆಲಕ್ಕೆ ಇಳಿಸಿದರು. ಮೊಣಕಾಲುದ್ದ ಸರಾಗವಾಗಿ ಇಳಿಯಿತು. ಮೇಲೆ ಬಿರುಕು ಬಿಟ್ಟು ಒಣಗಿದ ಹಾಗೆ ಕಾಣುವ ಆ ನೆಲ ಒಳಗೆಲ್ಲ ಹೂಳು. "ರಾತ್ರಿ ಎದ್ದು ನೀರಿನ ಕಡೆ ಹೋಗಿದ್ರೆ ಏನ್ ಮಾಡ್ತಿದ್ರಿ? ಇಲ್ಲಿ ಎಷ್ಟು ಹುಡುಗರನ್ನ ನಾವೇ ಮೇಲಕ್ಕೆತ್ತಿದ್ದೀವಿ ಗೊತ್ತಾ?" ಅಂದರು. ನಾವು ಅಲ್ಲೇ ಟೆಂಟ್ ಬಿಚ್ಚಿದೆವು. ತಾವರೆಕೆರೆ ಹತ್ತಿರ ಒಂದು ಪೆಟ್ರೋಲ್ ಬಂಕಿನ ಪಕ್ಕ ಕೂತು ಬೆಳಗು ಮಾಡಿದೆವು. ಆ ಕೋಲು ನೆಲಕ್ಕೆ ಇಳಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಜಲಾಶಯದ ಅಂಚಿನಲ್ಲಿ ಮಲಗುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ನೀರು ನೋಡಬೇಕೆಂದರೆ ಹಗಲು ನೋಡಿ, ದೂರದಿಂದ ನೋಡಿ.

ಆಮೇಲೆ ಒಂದು ಸಲ ದುಡ್ಡು ಕೊಟ್ಟು ಹೋದೆವು. ಯಾರದ್ದೋ ಕ್ಯಾಂಪ್, ಹೆಸರು ಬೇಡ. ಕೆರೆ ಪಕ್ಕ, ನಕ್ಷತ್ರದ ಕೆಳಗೆ ಅಂತೆಲ್ಲ ಬರೆದಿದ್ದರು. ಹೋಗಿ ನೋಡಿದರೆ ಅರವತ್ತು ಟೆಂಟ್ ಒಂದಕ್ಕೊಂದು ಅಂಟಿಕೊಂಡಿದ್ದವು. ರಾತ್ರಿ ಎರಡರವರೆಗೆ ಸ್ಪೀಕರ್. ಆಗ ನಾಲ್ಕು ವರ್ಷದವಳಿದ್ದ ಮಗಳು ಕಿವಿ ಮುಚ್ಚಿಕೊಂಡು ಅಮ್ಮನ ಮಡಿಲಲ್ಲೇ ನಿದ್ದೆ ಹೋದಳು. ಇದಾಗಿದ್ದು 2020ರ ಜನವರಿ. ಮಾರ್ಚಿಗೆ ಕೊರೋನಾ ಬಂತು. ಒಂದೂಮುಕ್ಕಾಲು ವರ್ಷ ಟೆಂಟ್ ಅಟ್ಟದ ಮೇಲಿತ್ತು.

ನಮ್ಮ ಜಾಗ ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ. ಹುತ್ರಿದುರ್ಗ ಹತ್ತೋಣ ಅಂತ ಭಾನುವಾರ ಹೋಗಿದ್ದೆವು. ಕುಣಿಗಲ್ ತಾಲ್ಲೂಕಿನ ಆ ಬೆಟ್ಟಕ್ಕೆ ಮಾಗಡಿ ಕಡೆಯಿಂದ ಒಳ್ಳೆ ರಸ್ತೆ ಇದೆ. ಸುತ್ತು ಸುತ್ತಾಗಿ ಕೋಟೆ ಗೋಡೆ, ಒಂದರ ಮೇಲೊಂದು ಬಾಗಿಲು, ತುದಿಯಲ್ಲಿ ಶಂಕರೇಶ್ವರನ ಗುಡಿ. ಮೇಲಿನಿಂದ ನೋಡಿದರೆ ಆಗ ತಾನೇ ಕೊಯ್ಲಾದ ರಾಗಿ ಹೊಲಗಳು, ನಡುನಡುವೆ ತೆಂಗು, ಹುಣಸೆ. ದೂರದಲ್ಲೊಂದು ದೊಡ್ಡ ಹಾಸುಬಂಡೆ, ಆನೆ ಮಲಗಿದ ಹಾಗೆ. ಅದರ ಮಗ್ಗುಲಲ್ಲಿ ನಾಲ್ಕು ಹೊಂಗೆ ಮರ. ಹೆಂಡತಿ ಕೈ ತೋರಿಸಿ, "ಅಲ್ಲಿ ಮಲಗಿದ್ರೆ ಹೇಗಿರತ್ತೆ" ಅಂದಳು.

ಇಳಿದು, ಎತ್ತಿನ ಗಾಡಿ ಜಾಡು ಹಿಡಿದು ಆ ಬಂಡೆ ಹತ್ತಿರ ಹೋದೆವು. ನಿಂತ ಕಡೆಯೇ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆದೆ. ಕ್ಯಾಂಪ್ ಮಾಡುವವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ, ಆದರೆ ಯಾರೂ ಇದರ ಮಾತೇ ಎತ್ತುವುದಿಲ್ಲ. ನೀವು ನಿಂತ ನೆಲದ ಸರ್ವೆ ನಂಬರ್ ಅದರಲ್ಲಿ ಬರುತ್ತದೆ. ಆ ನಂಬರನ್ನು ಭೂಮಿ ವೆಬ್‌ಸೈಟಿನಲ್ಲಿ ಹಾಕಿದರೆ ಪಹಣಿ ಸಿಗುತ್ತದೆ. 9ನೇ ಕಾಲಂ ನೋಡಿ, ಅಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಅರಣ್ಯ ಅಂತಿದ್ದರೆ ಮಾತೇ ಇಲ್ಲ, ವಾಪಸ್ ಬನ್ನಿ. ಗೋಮಾಳ ಅಂತಿದ್ದರೆ ಅದು ಊರಿನ ದನ ಮೇಯುವ ಜಾಗ, ಊರವರನ್ನು ಕೇಳದೆ ಕಾಲಿಡಬೇಡಿ. ಯಾರೋ ರೈತರ ಹೆಸರಿದ್ದರೆ ನಿಮಗೆ ದಾರಿ ಸಿಕ್ಕಿತು ಅಂತ ಅರ್ಥ.

ಆದರೆ ಮೊಬೈಲ್ ಹಿಡಿದುಕೊಂಡು, ಹೆಸರು ಓದಿಕೊಂಡು ಯಾರ ಮನೆ ಬಾಗಿಲಿಗೂ ಹೋಗಬೇಡಿ. ಬೆಂಗಳೂರಿನಿಂದ ಬಂದವರ ಬಾಯಲ್ಲಿ ಸರ್ವೆ ನಂಬರ್ ಕೇಳಿದರೆ ಹಳ್ಳಿಯವರಿಗೆ ಮೊದಲು ಬರುವ ಯೋಚನೆ ಜಮೀನು ಹೊಡೆಯೋಕೆ ಬಂದಿದ್ದಾರೆ ಅಂತ. ಅದರಲ್ಲಿ ತಪ್ಪೂ ಇಲ್ಲ. ನಾನು ಕಂಡುಕೊಂಡ ದಾರಿ ಬೇರೆ. ಸಂಜೆ ಐದೂವರೆಗೆ ಊರಿನ ಹಾಲಿನ ಡೈರಿ ಮುಂದೆ ಹೋಗಿ ನಿಲ್ಲಬೇಕು. ಊರಿಗೆ ಊರೇ ಕ್ಯಾನ್ ಹಿಡಿದುಕೊಂಡು ಅಲ್ಲಿಗೆ ಬರುತ್ತದೆ. ಹೆಂಡತಿ, ಮಗಳು ಜೊತೆಗಿದ್ದರೆ ಮಾತು ಸಲೀಸು. "ಆ ಬಂಡೆ ಪಕ್ಕದ ಹೊಲ ಯಾರದ್ದು ಅಣ್ಣ?" ಅಂತ ಒಂದು ಮಾತು ಕೇಳಿದರೆ ಸಾಕು. ನಮಗೂ ಹಾಗೇ ಆಯಿತು. ಹಾಲು ಅಳೆಯಿಸಿ ಹೊರಗೆ ಬಂದ ಒಬ್ಬ ಅಜ್ಜಿ, "ನಮ್ದೇ ಕಣವ್ವಾ, ಯಾಕೆ?" ಅಂತ ನನ್ನ ಹೆಂಡತಿಯನ್ನು ಕೇಳಿದರು.

ಅವರ ಜೊತೆ ಮನೆಗೆ ಹೋದೆವು. ಯಜಮಾನರು ಜಗಲಿ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದವರು. ನಾನು ವಿಷಯ ಹೇಳಿದೆ. ಒಂದು ರಾತ್ರಿ ನಿಮ್ಮ ಹೊಲದಲ್ಲಿ ಟೆಂಟ್ ಹಾಕಿಕೊಂಡು ಮಲಗುತ್ತೇವೆ, ಬೆಳಗ್ಗೆ ಎದ್ದು ಹೋಗುತ್ತೇವೆ. ಅವರು ಏನೂ ಮಾತಾಡದೆ ಒಳಗೆ ಹೋಗಿ ಒಂದು ಗೊಬ್ಬರದ ಚೀಲ ಎಳೆದುಕೊಂಡು ಬಂದು ನನ್ನ ಮುಂದೆ ಇಟ್ಟರು. ಅರ್ಧ ಚೀಲ ಗಾಜು. ಬಿಯರ್ ಬಾಟಲಿ ಚೂರು. ಕಂದು, ಹಸಿರು, ಬಿಳಿ.

"ಬತ್ತಾರೆ, ಕುಡೀತಾರೆ, ಬಂಡೆ ಮ್ಯಾಲೆ ಒಡೀತಾರೆ, ಓಯ್ತಾರೆ. ಹೋದ್ ವರ್ಸ ನಮ್ಮ ಎತ್ತಿನ ಗೊರಸಿಗೆ ಒಂದು ಚೂರು ಹೊಕ್ಕೊಂಡು, ಹದಿನೈದ್ ದಿಸ ಕೊಟ್ಟಿಗೆ ಬಿಟ್ಟು ಈಚೆ ಬರ್ಲಿಲ್ಲ. ಉಳುಮೆ ಟೈಮು. ನೀವೇ ಹೇಳಿ, ನಾನ್ ಹೆಂಗೆ ಹೂಂ ಅನ್ಲಿ?"

ನನಗೆ ಏನು ಹೇಳುವುದಕ್ಕೂ ತೋಚಲಿಲ್ಲ. ಆಯ್ತು ಯಜಮಾನ್ರೇ, ಬೇಡ ಬಿಡಿ ಅಂದೆ. ಅಜ್ಜಿ ಕಾಫಿ ಕೊಟ್ಟರು. ಕುಡಿದು ಎದ್ದೆವು. ಆವತ್ತು ಹೊತ್ತು ಮುಳುಗಿತ್ತು, ಊರಿಗೆ ಬಂದುಬಿಟ್ಟೆವು. ಮುಂದಿನ ಭಾನುವಾರ ನಾನು, ಹೆಂಡತಿ ಮತ್ತೆ ಹೋದೆವು, ಟೆಂಟ್ ಇಲ್ಲದೆ. ಕೈಗೆ ಫ್ಯಾಕ್ಟರಿಯ ಗ್ಲೌಸ್ ಹಾಕಿಕೊಂಡು ಬಂಡೆಯ ಸುತ್ತ ಇನ್ನೂ ಬಿದ್ದಿದ್ದ ಗಾಜು ಆಯ್ದೆವು. ಯಾರಿಗೂ ತೋರಿಸಬೇಕು ಅಂತ ಮಾಡಿದ್ದಲ್ಲ. ಆ ಚೀಲ ನೋಡಿದ ಮೇಲೆ ವಾರವೆಲ್ಲ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಬಂಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ಚೂರು ತೆಗೆಯಲು ನಮ್ಮ ಟೂಲ್ ಬಾಕ್ಸಿನ ಉದ್ದ ಮೂತಿಯ ಕಟಿಂಗ್ ಪ್ಲೇಯರ್ ಬೇಕಾಯಿತು. ಯಜಮಾನರು ದೂರದ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಒಂದು ಗಂಟೆ ಆದ ಮೇಲೆ ಹತ್ತಿರ ಬಂದು, "ಮುಂದಿನ್ ವಾರ ಬರ್ರಿ. ಮಗೀನೂ ಕರ್ಕ ಬರ್ರಿ" ಅಂದರು.

ಅವರು ಹಾಕಿದ ಕಟ್ಟಳೆಗಳು ಇಷ್ಟೇ. ಗಾಜಿನ ಸಾಮಾನು ಒಂದೂ ತರಬಾರದು, ಉಪ್ಪಿನಕಾಯಿ ಬಾಟಲಿ ಕೂಡ. ಬೆಂಕಿ ಹಾಕುವುದಿದ್ದರೆ ಅವರು ತೋರಿಸಿದ ಕಡೆ, ಬಂಡೆಯ ಮೇಲೆ. ಸಂಕ್ರಾಂತಿ ಕಳೆದ ಮೇಲೆ ಬೆಂಕಿಯೇ ಬೇಡ, ಬೋದೆ ಹುಲ್ಲೆಲ್ಲ ಒಣಗಿರುತ್ತದೆ, ಒಂದು ಕಿಡಿ ಸಾಕು. ಬರುವ ಮುಂಚೆ ಫೋನ್ ಮಾಡಬೇಕು. ರಾತ್ರಿ ಹೆಣ್ಣುಮಕ್ಕಳು ಹೊರಗೆ ಹೋಗಬೇಕೆಂದರೆ ಅವರ ಮನೆಗೇ ಬರಬೇಕು, ಎಷ್ಟು ಹೊತ್ತಾದರೂ ಸರಿ.

ದುಡ್ಡು ಮುಟ್ಟಲಿಲ್ಲ. ಬೇರೆ ಕಡೆ ತೋಟಗಳಲ್ಲಿ ನಾನು ಒಂದು ರಾತ್ರಿಗೆ ಐನೂರು ಕೊಟ್ಟು ಬರುತ್ತೇನೆ, ಕೊಡಲೇಬೇಕು ಕೂಡ. ಇವರು ಮಾತ್ರ ಒಪ್ಪಲಿಲ್ಲ. ಒಂದು ದಿನ ಅವರ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಮೆಷಿನ್ ಗಡಗಡ ಅನ್ನುವುದು ಕೇಳಿಸಿತು. ಬಿಚ್ಚಿ ನೋಡಿದರೆ ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿತ್ತು. ವರ್ನಿಯರ್‌ನಲ್ಲಿ ಅಳತೆ ತೆಗೆದುಕೊಂಡು ಬಂದು, ಗನ್‌ಮೆಟಲ್ ತುಂಡಿನಲ್ಲಿ ಎರಡು ಬುಷ್ ತಿರುಗಿಸಿ ಕೊಟ್ಟೆ. ಅದನ್ನು ಹಾಕಿ ಮೆಷಿನ್ ಓಡಿಸಿದಾಗ ಯಜಮಾನರು ಕಿವಿ ಹತ್ತಿರ ತಂದು ಕೇಳಿ, "ಸದ್ದೇ ಇಲ್ವಲ್ಲೋ" ಅಂದರು. ಅವತ್ತಿನಿಂದ ನನಗೆ ಬಹುವಚನ ಇಲ್ಲ. ನಾನೂ ಅವರನ್ನು ತಾತ ಅಂತಲೇ ಕರೆಯುತ್ತೇನೆ.

ಈಗ ಅರ್ಥವಾಯಿತಲ್ವಾ, ಲೊಕೇಶನ್ ಯಾಕೆ ಕಳಿಸುವುದಿಲ್ಲ ಅಂತ. ಮ್ಯಾಪಿನ ಮೇಲೆ ಆ ಚುಕ್ಕಿ ಹಾಕಿದರೆ ಅಲ್ಲಿಗೆ ಬರುವವರಿಗೆ ಬಂಡೆ ಸಿಗುತ್ತದೆ, ತಾತ ಸಿಗುವುದಿಲ್ಲ.

ಇನ್ನು ನೆಲದ ಮಾತು. ಇದನ್ನು ನಾನು ತಾತನಿಂದಲೇ ಕಲಿತೆ. ಮೊದಲ ರಾತ್ರಿ ನಾನು ಟೆಂಟ್ ಬಿಚ್ಚಿದ ಜಾಗ ನೋಡಿ ಅವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ಓಡಾಡಿದರು. ಎರಡು ಹೆಜ್ಜೆಗೆ ನಿಂತು, ಅಂಗಾಲಿನಿಂದ ಒಂದು ಮುಳ್ಳು ಕಿತ್ತು ನನ್ನ ಕೈಗೆ ಹಾಕಿದರು. ನೆಗ್ಗಿಲು ಮುಳ್ಳು. ಕಡಲೆಕಾಳಿನಷ್ಟು ದಪ್ಪ, ಯಾವ ಕಡೆಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಟೆಂಟಿನ ತಳ, ಗಾಳಿ ತುಂಬಿದ ಮ್ಯಾಟು, ಎಲ್ಲಾ ತೂತು. ಈಗ ನಾನೂ ಚಪ್ಪಲಿ ಬಿಟ್ಟೇ ಜಾಗ ನೋಡುವುದು. ಅಂಗೈಯಲ್ಲಿ ನೆಲ ಸವರುತ್ತೇನೆ. ಗೊದ್ದದ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ನೋಡುತ್ತೇನೆ. ಕೆಂಪು ಮಣ್ಣಿನಲ್ಲಿ ಸಣ್ಣ ಮರಳು ಅಲೆಅಲೆಯಾಗಿ ಕೂತಿದ್ದರೆ, ಒಣ ಎಲೆ ಗೀಟು ಎಳೆದ ಹಾಗೆ ಸಾಲಾಗಿದ್ದರೆ ಅದು ಮಳೆ ನೀರು ಹರಿದ ದಾರಿ. ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿ ಬೇಡ. ರಾಗಿ ಕೂಳೆ ಇರುವ ಹೊಲದ ನಡುವೆಯೂ ಬೇಡ, ಬೆನ್ನಿಗೆ ಚುಚ್ಚುತ್ತದೆ. ಬದುವಿನ ಪಕ್ಕ, ದನ ಮೇಯ್ದು ಹುಲ್ಲು ಗಿಡ್ಡವಾಗಿರುವ ಕಡೆ ಒಳ್ಳೆಯದು. ನೆಲ ಚೂರು ಓರೆ ಇದ್ದರೆ ತಲೆ ಎತ್ತರದ ಕಡೆಗೆ.

ಮರದ ಕೆಳಗೆ ಮಲಗಿದರೆ ಇಬ್ಬನಿ ಕಡಿಮೆ. ಆದರೆ ಯಾವ ಮರ ಅಂತ ನೋಡಬೇಕು. ತೆಂಗಿನ ಮರದ ಕೆಳಗೆ ಯಾವತ್ತೂ ಬೇಡ. ಒಣ ಕೊಂಬೆ ಇರುವ ಯಾವ ಮರವೂ ಬೇಡ. ಹುಣಸೆ ಮರದ ಕೆಳಗೆ ಮಲಗಲು ಅಜ್ಜಿ ಬಿಡುವುದಿಲ್ಲ. ಅವರಿಗೆ ಅವರದೇ ಕಾರಣ ಇದೆ, ನಾನು ಕೆದಕಿ ಕೇಳುವುದಿಲ್ಲ. ನಮಗೆ ಹೊಂಗೆ. ನೆರಳು ತಂಪು, ಎಲೆ ದಟ್ಟ.

ಬಂಡೆಯ ಮೇಲೇ ಮಲಗಿದರೆ ಇನ್ನೊಂದು ಸುಖ. ಹಗಲೆಲ್ಲ ಕಾದ ಹಾಸುಬಂಡೆ ಮಧ್ಯರಾತ್ರಿವರೆಗೂ ಬೆಚ್ಚಗಿರುತ್ತದೆ. ಕಂಬಳಿ ಹಾಸಿ ಬೆನ್ನು ಕೊಟ್ಟರೆ ಯಾರೋ ಶಾಖ ಕೊಟ್ಟ ಹಾಗೆ. ಅಲ್ಲಿ ಗೂಟ ಹೊಡೆಯಲು ಆಗುವುದಿಲ್ಲ, ಹಗ್ಗವನ್ನು ದಪ್ಪ ಕಲ್ಲಿಗೆ ಸುತ್ತಿ ಬಿಗಿಯಬೇಕು. ಆದರೆ ಏಪ್ರಿಲ್, ಮೇನಲ್ಲಿ ಬಂಡೆ ಬೇಡವೇ ಬೇಡ. ಮುಂಗಾರಿಗೆ ಮುಂಚಿನ ಗುಡುಗು ಮಳೆಗಳು ಸಂಜೆ ಹೊತ್ತಿಗೇ ಬರುವುದು. ಬೋಳು ಬಂಡೆಯ ಮೇಲೆ ಇರುವ ಎತ್ತರದ ವಸ್ತು ಅಂದರೆ ನೀವೇ. ಕಡಿದಾದ ಬಂಡೆಯ ಮುಖಕ್ಕೆ ಹೆಜ್ಜೇನು ಕಟ್ಟಿದೆಯಾ ಅಂತ ಕತ್ತೆತ್ತಿ ನೋಡಿ. ರಾಮನಗರ, ಸಾವನದುರ್ಗದ ಸುತ್ತ ಇದು ಜಾಸ್ತಿ. ಅದರ ಕೆಳಗೆ ಹೊಗೆ ಹಾಕಿದರೆ ಓಡಲಿಕ್ಕೂ ಜಾಗ ಇರುವುದಿಲ್ಲ.

ಟೆಂಟಿನ ಕೆಳಗೆ ಹಾಸುವ ಟಾರ್ಪಾಲು ಟೆಂಟಿಗಿಂತ ಒಂದು ಗೇಣು ಚಿಕ್ಕದಿರಲಿ. ಹೊರಗೆ ಚಾಚಿಕೊಂಡಿದ್ದರೆ ಇಬ್ಬನಿ, ಮಳೆ ಎರಡೂ ಅದರ ಮೇಲೆ ಬಿದ್ದು ನಿಮ್ಮ ಕೆಳಗೇ ಹರಿಯುತ್ತದೆ. ಚಳಿ ಅಂತ ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಬೇಡಿ. ನಾವು ಬಿಟ್ಟ ಉಸಿರೇ ಮೇಲೆ ಕೂತು ಹನಿಯುತ್ತದೆ. ನನ್ನ ಮಗಳು ಮೊದಲ ರಾತ್ರಿ ಎದ್ದು, "ಅಪ್ಪಾ ಮಳೆ" ಅಂದಿದ್ದಳು. ಹೊರಗೆ ಇಣುಕಿದರೆ ಆಕಾಶ ತುಂಬ ನಕ್ಷತ್ರ.

ಚಿರತೆ ಈ ಕಡೆಯ ಬೆಟ್ಟಗಳಲ್ಲೆಲ್ಲ ಇದೆ. ಹೆದರಿಸಲು ಹೇಳುತ್ತಿಲ್ಲ. ಕತ್ತಲಾದ ಮೇಲೆ ಮಗು ಒಂಟಿಯಾಗಿ ಟೆಂಟಿನಿಂದ ಹೊರಗೆ ಹೋಗಬಾರದು, ಉಳಿದ ಊಟ ಹೊರಗಿಡಬಾರದು, ಕಾಲಿಡುವ ಮುಂಚೆ ಟಾರ್ಚ್ ಬಿಡಬೇಕು, ಶೂ ಕೊಡವಿ ಹಾಕಿಕೊಳ್ಳಬೇಕು. ಹಾವು, ಚೇಳಿಗೂ ಇದೇ ಮಾತು. ಹತ್ತಿರದ ಸರ್ಕಾರಿ ಆಸ್ಪತ್ರೆ ಎಲ್ಲಿದೆ ಅಂತ ಹಗಲೇ ನೋಡಿಟ್ಟುಕೊಳ್ಳಿ. ಮೊಬೈಲ್ ಸಿಗ್ನಲ್ ಎಲ್ಲಿ ನಿಂತರೆ ಸಿಗುತ್ತದೆ ಅನ್ನುವುದನ್ನೂ.

ಬೇರೆ ದಿಕ್ಕಿನವರಿಗೆ ನಾನು ಕಂಡಷ್ಟು ಹೇಳುತ್ತೇನೆ. ದೊಡ್ಡಬಳ್ಳಾಪುರದ ಆಚೆ ಮಾಕಳಿದುರ್ಗಕ್ಕೆ ರೈಲಿನಲ್ಲೇ ಹೋಗಬಹುದು. ಹಿಂದೂಪುರದ ಕಡೆ ಹೋಗುವ ಪ್ಯಾಸೆಂಜರ್ ಹತ್ತಿದರೆ ಬೆಟ್ಟದ ಬುಡದ ಸ್ಟೇಷನ್ನಿನಲ್ಲೇ ಇಳಿಯಬಹುದು. ಬೆಟ್ಟದ ಮೇಲೆ ರಾತ್ರಿ ಇರುವ ಯೋಚನೆ ಬೇಡ. ಹತ್ತಿ ಇಳಿದು, ಕೆಳಗಿನ ಹಳ್ಳಿಗಳ ದ್ರಾಕ್ಷಿ, ಮಾವಿನ ತೋಟದವರನ್ನು ಕೇಳಿ. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ತೇರಹಳ್ಳಿಯಂಥ ಊರುಗಳೇ ಇವೆ, ಜನ ಇರುವ ಬೆಟ್ಟ, ಅಲ್ಲಿ ಕೇಳುವುದು ಸುಲಭ. ನಂದಿ, ಸ್ಕಂದಗಿರಿ ಕಡೆ ಸೂರ್ಯೋದಯಕ್ಕೆ ಹೋಗಿ, ಮಲಗುವ ಆಸೆ ಬಿಡಿ. ಅರಣ್ಯ ಇಲಾಖೆಯ ಚಾರಣಗಳಿಗೆಲ್ಲ ಈಗ ಆನ್‌ಲೈನ್ ಟಿಕೆಟ್. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಜನವನ್ನು ಫೋಟೋದಲ್ಲಿ ನೋಡಿದ ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ.

ಕನಕಪುರ ರಸ್ತೆ ನೋಡಲು ಎಲ್ಲಕ್ಕಿಂತ ಚೆಂದ. ಅಲ್ಲೇ ನನಗೆ ಎಲ್ಲಕ್ಕಿಂತ ಭಯ. ಬನ್ನೇರುಘಟ್ಟ, ಕಾವೇರಿ ಕಾಡಿನ ಆನೆಗಳು ರಾಗಿ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಹೊಲಗಳಿಗೆ ಇಳಿಯುತ್ತವೆ. ನವೆಂಬರ್, ಡಿಸೆಂಬರ್. ಅಂದರೆ ನಮಗೆ ಟೆಂಟ್ ಹಾಕಲು ಹೇಳಿ ಮಾಡಿಸಿದ ತಿಂಗಳುಗಳು. ರೈತರು ಅಟ್ಟಣೆ ಕಟ್ಟಿಕೊಂಡು ರಾತ್ರಿಯೆಲ್ಲ ಪಟಾಕಿ, ತಮಟೆ ಹಿಡಿದು ಕಾಯುತ್ತಾರೆ. ಅವರೇ ಮರದ ಮೇಲೆ ಇರುವಾಗ ನಾವು ನೆಲದ ಮೇಲೆ ಬಟ್ಟೆಯ ಮನೆಯಲ್ಲಿ ಮಲಗುವುದೇ? ಕಾವೇರಿ ದಡದಲ್ಲೇ ಮಲಗಬೇಕು ಅನ್ನುವವರು ದುಡ್ಡು ಕೂಡಿಸಿಕೊಂಡು ಭೀಮೇಶ್ವರಿ ಅಥವಾ ಗಾಳಿಬೋರೆಯ ಜಂಗಲ್ ಲಾಡ್ಜಸ್‌ಗೆ ಹೋಗಿ. ಸರ್ಕಾರದ್ದು, ಊಟ ಅಲ್ಲೇ, ಜೊತೆಗೆ ಕಾಡು ಗೊತ್ತಿರುವವರು ಇರುತ್ತಾರೆ. ನೀರಿನಲ್ಲಿ ಮೊಸಳೆ ಇವೆ, ಅವರು ಬೇಡ ಅಂದ ಕಡೆ ಇಳಿಯಬೇಡಿ. ನಾವು ಇಲ್ಲಿಯವರೆಗೆ ಒಂದೇ ಸಲ ಹೋಗಿದ್ದೇವೆ, ಮಗಳ ಹುಟ್ಟುಹಬ್ಬಕ್ಕೆ.

2023ರ ಡಿಸೆಂಬರ್ 13ರ ರಾತ್ರಿ ಬಗ್ಗೆ ಬರೆಯದೆ ಮುಗಿಸಲು ಮನಸ್ಸಿಲ್ಲ. ಅದು ಬುಧವಾರ. ಜೆಮಿನಿಡ್ಸ್ ಉಲ್ಕೆ ಬೀಳುವ ರಾತ್ರಿ, ಅದೂ ಅಮಾವಾಸ್ಯೆಯ ಮಗ್ಗುಲಲ್ಲೇ, ಇಂಥದ್ದು ಎಲ್ಲಾ ವರ್ಷ ಸಿಗುವುದಿಲ್ಲ. ನಾನು ಎರಡು ದಿನ ರಜೆ ಹಾಕಿದೆ. ಮಗಳ ಟೀಚರಿಗೆ ನಿಜ ಕಾರಣವನ್ನೇ ಬರೆದುಕೊಟ್ಟೆ, ನೋಡಿದ್ದನ್ನು ಕ್ಲಾಸಿನಲ್ಲಿ ಹೇಳಬೇಕು ಅಂತ ಹೇಳಿ ಕಳಿಸಿದರು. ಹೊಲದಲ್ಲಿ ರಾಗಿ ಕೊಯ್ಲಾಗಿ ಮೆದೆ ಹಾಕಿತ್ತು. ತಾತನೂ ಕಂಬಳಿ ಹೊದ್ದುಕೊಂಡು ಬಂಡೆಯ ಮೇಲೆ ಬಂದು ಕೂತರು. ಅಜ್ಜಿ ಹೊಸ ಅವರೆಕಾಯಿಯ ಹುಳಿ, ಮುದ್ದೆ ಕಳಿಸಿದ್ದರು. ಸೊಗಡು ಕೈಯಿಂದ ಬೆಳಗಾದರೂ ಹೋಗಿರಲಿಲ್ಲ.

ಪೂರ್ವಕ್ಕೆ ಬೆಂಗಳೂರಿನ ಬೆಳಕು. ಅಷ್ಟು ದೂರಕ್ಕೂ ಆಕಾಶದ ಬುಡ ಕೆಂಪಗೆ ಕಾಣುತ್ತದೆ, ಎಲ್ಲೋ ಕಾಡಿಗೆ ಬೆಂಕಿ ಬಿದ್ದ ಹಾಗೆ. ಆದರೆ ತಲೆ ಎತ್ತಿದರೆ ಪೂರ್ತಿ ಕತ್ತಲು. ಹತ್ತು ಗಂಟೆಗೆ ಕೃತ್ತಿಕೆ ನೆತ್ತಿಯ ಮೇಲಿತ್ತು. ತಾತ ಮೊದಲು ತೋರಿಸಿದ್ದು ಅದನ್ನೇ. ಚಿಕ್ಕವರಿದ್ದಾಗ ಕಣದಲ್ಲಿ ರಾಗಿ ಕಾಯುವಾಗ ಅದು ಎಲ್ಲಿದೆ ಅಂತ ನೋಡಿ ಹೊತ್ತು ಹೇಳುತ್ತಿದ್ದರಂತೆ. ಮಗಳು ಪೂರ್ವದ ಕಡೆ ಕೈ ಮಾಡಿ, "ತಾತ, ಅಲ್ಲಿ ಜೋಡಿ ನಕ್ಷತ್ರ ಇದೆಯಲ್ಲ, ಅದು ಪುನರ್ವಸು. ಅದರ ಹತ್ತಿರದಿಂದಲೇ ಇವತ್ತು ಎಲ್ಲಾ ಬೀಳೋದು" ಅಂದಳು. ತಾತ ತುಂಬ ಹೊತ್ತು ಆ ಕಡೆ ನೋಡಿದರು. "ಪುನರ್ವಸು ಅಂದ್ರೆ ನಮ್ಗೆ ಆಷಾಡದ ಮಳೆ ಕಣ್ ಮಗಾ. ರಾಗಿ ಬಿತ್ತೋ ಕಾಲ" ಅಂದರು. ಅಷ್ಟರಲ್ಲಿ ಒಂದು ಬಿತ್ತು. ಹುತ್ರಿದುರ್ಗದ ಮೇಲಿಂದ ಎದ್ದು, ನಮ್ಮ ತಲೆಯ ಮೇಲೆ ಹಾದು, ತೆಂಗಿನ ತೋಟದ ಹಿಂದೆ ಹೋಯಿತು. ನಾಲ್ಕೂ ಜನ ಒಟ್ಟಿಗೆ 'ಹಾ' ಅಂದೆವು. ದೂರದಲ್ಲಿ ಒಂದು ನಾಯಿ ಬೊಗಳಿತು. ಮಗಳು ನೋಟ್‌ಬುಕ್ಕಿನಲ್ಲಿ ಕತ್ತಲಲ್ಲೇ ಗೀಟು ಹಾಕುತ್ತಾ ರಾತ್ರಿ ಒಂದು ಗಂಟೆವರೆಗೆ 71 ಎಣಿಸಿದಳು. ಆ ಪುಟ ಈಗಲೂ ಇದೆ, ಗೀಟುಗಳು ಒಂದರ ಮೇಲೊಂದು ಹತ್ತಿಕೊಂಡು ಹೋಗಿವೆ.

ಈ ಶನಿವಾರ ಮತ್ತೆ ಹೋಗುತ್ತಿದ್ದೇವೆ. ನೆನ್ನೆ ತಾತ ಫೋನ್ ಮಾಡಿದ್ದರು. ಬೋರ್‌ವೆಲ್ ಮೋಟಾರ್ ಸುಟ್ಟಿದೆಯಂತೆ, ಕುಡಿಯುವ ನೀರು ತಂದುಬಿಡು ಅಂದರು. ಎರಡು ಕ್ಯಾನ್ ತೊಳೆದು ಬಾಗಿಲ ಹತ್ತಿರ ಇಟ್ಟಿದ್ದೇನೆ, ಒಂದು ನಮಗೆ, ಒಂದು ಅವರ ಮನೆಗೆ. ಬೇರಿಂಗ್ ಪುಲ್ಲರ್ ಕೂಡ ಚೀಲಕ್ಕೆ ಹಾಕಿಕೊಳ್ಳಬೇಕು.